ಓಡದೆ ಸತ್ತ ಜಿಂಕೆಯ ಸಾರು

ಆಗ ನನಗೆ ಅರವತ್ನಾಲ್ಕು. ಏಳು ವರ್ಷದ ಹಿಂದಿನ ಮಾತು. ಮಗಳ ಬಾಣಂತನಕ್ಕೆಂದು ಜರ್ಮನಿಗೆ ಬಂದಿದ್ದೆ. ಅಳಿಯನ ಕೆಲಸ ವಾಲ್‌ಡಾರ್ಫ್‌ನಲ್ಲಿ, ಮನೆ ಕಾಡಂಚಿನ ಹಳ್ಳಿಯಲ್ಲಿ. ಹೆರಿಗೆಯಲ್ಲಿ ಮಗಳಿಗೆ ತುಂಬ ರಕ್ತ ಹೋಗಿತ್ತು. ಹನ್ನೆರಡು ದಿನವಾದರೂ ಬಾಯಿಗೆ ಏನೂ ಸೇರುತ್ತಿರಲಿಲ್ಲ. ಅಂಗಡಿಯ ಕುರಿಮಾಂಸ ತಂದು ಸಾರು ಮಾಡಿದರೆ ವಾಸನೆಗೇ ವಾಂತಿ ಮಾಡಿದಳು. ಹಾಲು ಸಾಲುತ್ತಿರಲಿಲ್ಲ, ಮಗು ತೂಕ ಏರುತ್ತಿರಲಿಲ್ಲ. ಮನೆಗೇ ಬಂದು ನೋಡುವ ಹೆಬಾಮೆ, ಅಂದರೆ ಇಲ್ಲಿನ ಸೂಲಗಿತ್ತಿ, ಇನ್ನೆರಡು ದಿನ ನೋಡುತ್ತೇನೆ, ಇವಳು ಉಣ್ಣದಿದ್ದರೆ ತಾಯಿ ಮಗು ಇಬ್ಬರೂ ಮತ್ತೆ ಆಸ್ಪತ್ರೆಗೆ ಎಂದು ಹೇಳಿ ಹೋದಳು.

ಪಕ್ಕದ ಮನೆಯಲ್ಲಿ ಒಂಟಿ ಮುದುಕಿ, ನನಗಿಂತ ಆರೇಳು ವರ್ಷ ದೊಡ್ಡವಳು. ಲೈಸೆನ್ಸ್ ಇಟ್ಟುಕೊಂಡು ಬೇಟೆಯಾಡುವವಳು. ಅವತ್ತು ಸಂಜೆಯೇ ಒಂದು ಜಿಂಕೆಯ ಮುಂಗಾಲು ತಂದು ಅಡುಗೆಮನೆಯಲ್ಲಿ ಇಟ್ಟಳು.

"ಯಾವತ್ತು ಹೊಡ್ದಿದ್ದು ಕೇಳೇ," ಎಂದೆ ಮಗಳಿಗೆ.

ಅವಳು ಮಲಗಿದ್ದಲ್ಲಿಂದಲೇ ಕೇಳಿದಳು. "ಐದು ದಿನ ಆಯ್ತಂತಮ್ಮ. ತೂಗುಹಾಕಿದ್ರಂತೆ."

"ಐದು ದಿನದ ಹೆಣಾನ ಬಾಣಂತಿಗೆ ತಂದವ್ಳಾ? ನಾಯಿಗಾಕು ಅನ್ನು."

"ಅಮ್ಮಾ, ಪ್ಲೀಸ್! ಅದನ್ನೆಲ್ಲ ನಾನು ಟ್ರಾನ್ಸ್‌ಲೇಟ್ ಮಾಡಲ್ಲ."

ಮುದುಕಿಗೆ ಭಾಷೆ ಬೇಕಾಗಲಿಲ್ಲ. ನನ್ನ ಮೋರೆ ನೋಡಿಯೇ ನಕ್ಕು, ನನ್ನ ಕೈ ಹಿಡಿದು ತನ್ನ ಶೆಡ್ಡಿಗೆ ಎಳೆದುಕೊಂಡು ಹೋದಳು. ಫ್ರಿಜ್ಜಿನಂಥ ತಣ್ಣನೆಯ ಕೋಣೆ. ಇನ್ನೊಂದು ಜಿಂಕೆ ಚರ್ಮದ ಸಮೇತ ತಲೆಕೆಳಗಾಗಿ ತೂಗುತ್ತಿತ್ತು. ಹೊಟ್ಟೆಯ ಒಳಗೆಲ್ಲ ಚೊಕ್ಕ ಮಾಡಿದ್ದಳು. ರಟ್ಟೆಯ ಹಿಂದೆ ಒಂದೇ ಗುಂಡಿನ ತೂತು. ಜಿಂಕೆ ಮೇಯುವುದು, ತಾನು ಗುರಿಯಿಡುವುದು, ಅದು ನಿಂತಲ್ಲೇ ಬೀಳುವುದು, ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. ನಾನು ಹೊಟ್ಟೆಯೊಳಗೆ ಮೂಗಿಟ್ಟು ನೋಡಿದೆ. ನಾತವೇ ಇರಲಿಲ್ಲ.

ನಾನು ಸಣ್ಣವಳಿದ್ದಾಗ ನಮ್ಮಪ್ಪನೂ ಬೇಟೆಗೆ ಹೋಗುತ್ತಿದ್ದ. ನಾಯಿ, ಬಲೆ, ಹತ್ತು ಜನರ ಕೂಗಾಟ. ಅರ್ಧ ದಿನ ಅಟ್ಟಾಡಿಸಿ, ಬಲೆಗೆ ಬಿದ್ದದ್ದನ್ನು ದೊಣ್ಣೆಯಲ್ಲಿ ಬಡಿಯುತ್ತಿದ್ದರು. ಆ ಬಿಸಿಲಲ್ಲಿ ಕರುಳನ್ನೂ ತೆಗೆಯದೆ ಊರಿಗೆ ಹೊತ್ತು ತರುತ್ತಿದ್ದರು. ಮಾಂಸ ಕಪ್ಪಗೆ, ಅಂಟಂಟು. ಅವ್ವ ಅರಿಶಿನ ಹಾಕಿ ಮೂರು ಸಲ ತೊಳೆದು ಎಷ್ಟು ಬೇಯಿಸಿದರೂ ದವಡೆ ನೋಯುತ್ತಿತ್ತು. ಜಿಂಕೆ ಮಾಂಸ ಅಂದರೆ ಹಾಗೇ ಅಂದುಕೊಂಡಿದ್ದೆ. ಅಪ್ಪನನ್ನು ಬೈಯುವುದಿಲ್ಲ, ಹಸಿದವರ ಹೊಟ್ಟೆ ತುಂಬಿಸಿದ. ಆದರೆ ಓಡಿಸಿ ಓಡಿಸಿ, ಬಿಸಿಲಲ್ಲಿ ಹೊತ್ತು ಮಾಂಸ ಕೆಡಿಸಿದ್ದು ಅವನೇ, ಜಿಂಕೆಯದೇನೂ ತಪ್ಪಿರಲಿಲ್ಲ.

ಮನೆಗೆ ಬಂದು ನಲ್ಲಿ ತಿರುಗಿಸಿ, ಅರಿಶಿನದ ಡಬ್ಬಿಗೆ ಕೈ ಹಾಕಿದೆ. ಹಿಂದೆಯೇ ಬಂದಿದ್ದ ಮುದುಕಿ ಪಟ್ಟನೆ ನನ್ನ ಕೈಗೆ ಹೊಡೆದು ನಲ್ಲಿ ನಿಲ್ಲಿಸಿದಳು.

"ನೀರು ತಾಗಿಸ್ಬೇಡಿ ಅಂತಿದಾರಮ್ಮ. ಒರೆಸಿದ್ರೆ ಸಾಕಂತೆ," ಎಂದು ಮಗಳು ಕೋಣೆಯಿಂದ ಕೂಗಿದಳು.

"ತೊಳೀದೆ ಮಾಂಸ ಬೇಯಿಸಿದೋಳು ನಮ್ಮ ವಂಶದಲ್ಲೇ ಇಲ್ಲ ಅನ್ನು!"

ಮುದುಕಿ ಬಟ್ಟೆಯಲ್ಲಿ ಒರೆಸಿ ಕೊಟ್ಟಳು. ಕುಕ್ಕರನ್ನೂ ಆಚೆ ಎತ್ತಿಟ್ಟಳು. ಮಸಾಲೆಗೆ ಮಾತ್ರ ನಾನು ಬಗ್ಗಲಿಲ್ಲ. ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ ಕುಟ್ಟಿ ಹಾಕಿದೆ. ಅವಳು ಸೀನಿ ಸೀನಿ ಕಣ್ಣೀರಿಟ್ಟಳು. ಆಗ ನಗುವ ಸರದಿ ನನ್ನದು. ಸಣ್ಣ ಉರಿಯಲ್ಲಿ ಎರಡು ಗಂಟೆ ಬೆಂದಿತು.

ಮಗಳು ಬಟ್ಟಲನ್ನು ಹೆದರಿ ಹೆದರಿ ಮೂಗಿನ ಹತ್ತಿರ ಹಿಡಿದಳು. "ವಾಸ್ನೆನೇ ಇಲ್ವಲ್ಲಮ್ಮ," ಎಂದು ಒಂದು ಗುಟುಕು ಕುಡಿದಳು. ಆಮೇಲೆ, "ತುಂಡೂ ಹಾಕು." ಆಮೇಲೆ ಅನ್ನ. ನಾನು ಪಕ್ಕದಲ್ಲಿ ಬೇಸಿನ್ ಹಿಡಿದುಕೊಂಡೇ ಕೂತಿದ್ದೆ. ಅದು ಬೇಕಾಗಲಿಲ್ಲ.

ಎರಡು ದಿನ ಮೂರು ಹೊತ್ತೂ ಅದನ್ನೇ ಉಂಡಳು. ಹೆಬಾಮೆ ಬಂದು ಮಗುವನ್ನು ತೂಗಿದಳು, ತೂಕ ಏರಿತ್ತು. ಆಸ್ಪತ್ರೆಯ ಮಾತೆತ್ತಲಿಲ್ಲ. ದೇವರಿಗೆ ಕೈಮುಗಿದೆ ಅಂತ ಸುಳ್ಳು ಹೇಳುವುದಿಲ್ಲ. ಕೈಮುಗಿದದ್ದು ಪಕ್ಕದ ಮನೆಯ ಕಡೆಗೆ.

ಮಾರನೆಯ ಬೆಳಿಗ್ಗೆ ಎದ್ದವಳೇ ಬಕೆಟ್ಟು, ಬ್ರಷ್ಷು ಹಿಡಿದು ಹೋಗಿ ಮುದುಕಿಯ ಶೆಡ್ಡಿನ ನೆಲದ ರಕ್ತವನ್ನೆಲ್ಲ ಉಜ್ಜಿ ತೊಳೆದೆ. ಬೇಡ ಬೇಡ ಎಂದು ಕೈಯಾಡಿಸಿದಳು. ನಾನು ಮೂಲೆಗಳನ್ನೂ ಬಿಡಲಿಲ್ಲ.