ನೆರಳಲ್ಲಿ ಬರೆದ ಮಹಜರು

ಸಿಟ್ಟು ನನಗೆ ಅಬ್ಬಾನಿಂದ ಬಂದದ್ದು. ಚಳ್ಳಕೆರೆಯಲ್ಲಿ ಲಾರಿ ರಿಪೇರಿ ಮಾಡುವ ಅವರು ಸಡಿಲ ಬಿಟ್ಟ ಒಂದು ನಟ್ಟಿಗೂ ಗ್ಯಾರೇಜು ಹಾರಿಹೋಗುವಂತೆ ಕೂಗಾಡುತ್ತಾರೆ. ಅವರ ಕೂಗಾಟದಿಂದ ಗಾಡಿಯಾದರೂ ಸರಿಹೋಗುತ್ತದೆ.

ರಸ್ತೆ ಸುರಕ್ಷತೆಯ ಮಾಹಿತಿ ಸಂಗ್ರಹಿಸಲು ನನ್ನನ್ನು ಗುತ್ತಿಗೆಯ ಮೇಲೆ ತೆಗೆದುಕೊಂಡಿದ್ದರು. ಅಪಘಾತಗಳ ಪಟ್ಟಿ ಕೊಡುತ್ತಾರೆ. ಪೊಲೀಸರ ಮಹಜರಿನಲ್ಲಿರುವ ಜಾಗಕ್ಕೆ ಸ್ಕೂಟಿಯಲ್ಲಿ ಹೋಗಿ, ನಿಂತು, ಮೊಬೈಲಿನಲ್ಲಿ ಗುಂಡಿ ಒತ್ತಬೇಕು. ನಕ್ಷೆಯಲ್ಲಿ ಕೆಂಪು ಚುಕ್ಕಿ ಬೀಳುತ್ತದೆ. ಚುಕ್ಕಿ ಎಲ್ಲಿ ಹೆಚ್ಚೋ ಅಲ್ಲಿ ಹಂಪು, ಎಚ್ಚರಿಕೆಯ ಬೋರ್ಡು.

ಮೊಳಕಾಲ್ಮೂರು ದಾಟಿ ದೇವಸಮುದ್ರದ ಕಡೆ ಹೋಗುವ ರಸ್ತೆಯಲ್ಲಿ ಪಟ್ಟಿಯ ಪ್ರಕಾರ ಹೆಚ್ಚಿನ ಅಪಘಾತಗಳು ಒಂದೇ ಕಡೆ ಆಗಿದ್ದವು: ‘ಬಸ್ ಸ್ಟಾಪಿನ ಬೇವಿನ ಮರದ ಹತ್ತಿರ’. ಅಲ್ಲಿ ನಿಂತು ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ. ಎರಡೂ ಕಡೆ ದಾರದಂತೆ ನೇರ ರಸ್ತೆ. ಇಲ್ಲಿ ಯಾಕೆ ಗುದ್ದಿಕೊಳ್ಳುತ್ತಾರೆ ಎಂದು ಒಮ್ಮೆಯೂ ಯೋಚಿಸಲಿಲ್ಲ. ಡಿಗ್ರಿ ಓದಿದವಳಲ್ಲವೇ ನಾನು!

ಕುರಿ ಕಾಯುವ ಅಜ್ಜ ಒಬ್ಬರು ಕೊನೆಗೆ ಕೇಳಿಯೇಬಿಟ್ಟರು. “ಏನವ್ವ, ದಿನಾ ಬಂದು ಮರಕ್ಕೆ ಫೋಟೋ ಹೊಡಿತೀಯ?”

ಕೆಲಸ ಏನೆಂದು ಹೇಳಿದೆ. ಅವರು ಕೋಲಿಗೆ ಗದ್ದ ಊರಿ ನಕ್ಕರು.

“ಇಲ್ಲಿ ಯಾರೂ ಬಿದ್ದಿಲ್ಲ ಕಣವ್ವ. ಬೀಳೋದೆಲ್ಲ ಆ ಗುಡ್ಡದ ತಿರುವಿನಾಗೆ. ಅಲ್ಲಿ ಒಂದು ಮರ ಐತಾ? ಹೊತ್ಕೊಂಡು ಬಂದು ಇಲ್ಲಿ ನೆಳ್ಳಾಗೆ ಮಲಗಿಸ್ತೀವಿ, ನೀರು ಕುಡಿಸ್ತೀವಿ. ಪೊಲೀಸ್ನೋರು ಬಂದು ಇಲ್ಲೇ ಬರ್ಕೊಂಡು ಹೋಗ್ತಾರೆ.”

ಬಿದ್ದವರನ್ನು ಬಿಸಿಲಿನಲ್ಲಿ ಬಿಡಬಾರದು ಎಂಬುದು ಈ ಕಡೆಯವರ ನಡವಳಿಕೆ. ಅದನ್ನು ತಪ್ಪೆಂದು ಯಾವ ಬಾಯಿಂದ ಹೇಳಲಿ?

“ನಾನು ದಿನಾ ಎರಡು ಸಲ ಅಲ್ಲೇ ಕುರಿ ದಾಟಿಸ್ತೀನಿ. ಲಾರಿ ಸದ್ದು ಕುರಿಗೆ ಕೇಳ್ತೈತೆ, ನನಗೆ ಕೇಳಲ್ಲ. ಅಲ್ಲೊಂದು ಹಂಪು ಹಾಕ್ಸವ್ವ.”

“ಹಾಕಿಸ್ತೀನಿ ಅಜ್ಜ” ಅಂದೆ.

ಕಚೇರಿಯಲ್ಲಿ ಸಾಹೇಬರು ಕತ್ತೆತ್ತಲಿಲ್ಲ. “ಮಹಜರಿನಲ್ಲಿ ಇರೋದು ಡೇಟಾ. ಕುರಿ ಕಾಯೋನು ಹೇಳಿದ್ದು ಡೇಟಾ ಅಲ್ಲಮ್ಮ.” ನನಗೆ ಮೈಯೆಲ್ಲ ಉರಿಯಿತು.

ಅದೇ ವಾರ ಅದೇ ಗುಡ್ಡದ ಮೇಲೆ ಅರಣ್ಯ ಇಲಾಖೆಯವರು ಕರಡಿ ಎಣಿಸಲು ಡ್ರೋನ್ ಹಾರಿಸುತ್ತಿದ್ದರು. ಹಾರಿಸುವವರು ಪರದೆಯಲ್ಲಿ ತೋರಿಸಿದರು: ಬಂಡೆಯ ಪಕ್ಕ ತಾಯಿ ಕರಡಿ, ಬೆನ್ನ ಮೇಲೆ ಮರಿ, ಕಿವಿಯ ರೋಮವೂ ಕಾಣುತ್ತಿತ್ತು. ಒಂದು ಸಲ ತಿರುವಿನ ಮೇಲೆ ಹಾರಿಸಿ ಎಂದು ಬೇಡಿಕೊಂಡೆ. ಪುಣ್ಯಾತ್ಮರು, ಹಾರಿಸಿದರು. ಫೋಟೋದಲ್ಲಿ ತಿರುವಿನ ಉದ್ದಕ್ಕೂ ಬ್ರೇಕು ಒತ್ತಿದ ಕಪ್ಪು ಗೆರೆಗಳು, ಒಂದರ ಮೇಲೊಂದು. ಓಡಿಹೋಗಿ ಸಾಹೇಬರ ಮುಂದೆ ಹಿಡಿದೆ.

“ಚೆನ್ನಾಗಿ ಬಂದಿದೆ. ಆದರೆ ಇದು ಕಾಡಿನ ಯೋಜನೆಯ ಫೋಟೋ, ನಮ್ಮದಲ್ಲ” ಎಂದರು.

ಕರಡಿ ನೂರು ಕಾಲ ಬಾಳಲಿ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅದರ ಕಿವಿಯ ರೋಮ ಕಾಣುವ ಕಣ್ಣಿಗೆ ಮನುಷ್ಯರು ಸಾಯುವ ತಿರುವು ಕಾಣಬಾರದೇ? ಮುಂದಿನ ತಿಂಗಳು ಬೇವಿನ ಮರದ ಮುಂದೆ ಎರಡು ಹಂಪು ಎದ್ದವು, ಹಳದಿ ಬೋರ್ಡು ಬಂತು. ಬಸ್ಸು ಹೇಗೂ ನಿಲ್ಲುವ ಜಾಗ!

ಮಳೆಗಾಲಕ್ಕೆ ಮುಂಚೆ ಒಂದು ಮಧ್ಯಾಹ್ನ ಬೇವಿನ ಮರದ ಪಕ್ಕದ ಟೀ ಅಂಗಡಿಯವರು ಫೋನು ಮಾಡಿದರು. ತಿರುವಿನಲ್ಲಿ ಅಜ್ಜನಿಗೆ ಲಾರಿ ತಾಗಿತ್ತು. ನಾನು ಹೋಗುವಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಸಾಗಿಸಿದ್ದರು. ಪೇದೆ ಮರದ ಕೆಳಗೆ ಕಾಗದ ಮಡಚುತ್ತಿದ್ದರು.

“ತಿರುವಿಗೆ ಬನ್ರಿ, ಸತ್ತ ಕುರಿ ಇನ್ನೂ ಅಲ್ಲೇ ಬಿದ್ದೈತೆ!” ಎಂದು ಕಿರುಚಿದೆ.

“ಪಂಚರು ಸಹಿ ಹಾಕಿ ಆಯ್ತಲ್ಲಮ್ಮ.”

ಅಜ್ಜನನ್ನು ಹೊತ್ತು ತಂದವರೇ ಮಹಜರಿಗೆ ಸಾಕ್ಷಿ ಹಾಕಿದ ಪಂಚರು. ಅವರ ಅಂಗಿಯ ಮೇಲಿನ ರಕ್ತ ಇನ್ನೂ ಆರಿರಲಿಲ್ಲ. ಒಬ್ಬಳೇ ತಿರುವಿಗೆ ಹೋಗಿ ಗುಂಡಿ ಒತ್ತಿದೆ. ಮಹಜರಿನ ಜಾಗಕ್ಕೆ ಹೊಂದುವುದಿಲ್ಲ ಎಂದು ಮೊಬೈಲು ಅದನ್ನು ತಳ್ಳಿಹಾಕಿತು.

ಆಸ್ಪತ್ರೆಯಲ್ಲಿ ಅಜ್ಜನ ಕಾಲಿಗೆ ತೊಡೆಯವರೆಗೂ ಪಟ್ಟಿ ಹಾಕಿದ್ದರು. ಪಕ್ಕದಲ್ಲಿ ಸೊಸೆ ಕೂತಿದ್ದಳು. ನನ್ನನ್ನು ಕಂಡು ಅಜ್ಜ ತಲೆ ಎತ್ತಲು ನೋಡಿದರು.

“ಈ ಸಲ ತಿರುವಿನಾಗೆ ಒತ್ತಿದ್ಯೇನವ್ವ?”

“ಒತ್ತಿದೀನಿ ಅಜ್ಜ.”

ಅವರ ಮುಖ ಹಗುರಾಯಿತು. ಸೊಸೆಯ ಕಡೆ ತಿರುಗಿ, “ಕೇಳಿದ್ಯಾ? ಇನ್ನೇನು ಭಯ ಇಲ್ಲ. ನಾಳೆಯಿಂದ ಕುರಿ ನೀನು ಹೊಡ್ಕೊಂಡು ಹೋಗು” ಅಂದರು.