ಕುಣಿಯುವ ಗಾಲಿಗೆ ಕಡಿವಾಣ ಹಾಕಿದ ದುರಗವ್ವ

ಹುನಗುಂದ ಮುಗಿದು ಇಳಕಲ್ಲಿನ ದಾರಿ ಹಿಡಿಯುವ ಕಡೆ ತಗಡು ಹೊದಿಸಿದ ಒಂದು ಚಪ್ಪರವಿದೆ. ಹೊರಗೆ ಇನ್ನೂ ನಸುಕು, ಒಳಗೆ ಕುಲುಮೆ ಉರಿಯುತ್ತಿದೆ. ಹುಲ್ಲಪ್ಪ ಕಂಬಾರ ಕಾದ ಉಕ್ಕಿನ ಪಟ್ಟಿಯನ್ನು ಇಕ್ಕಳದಿಂದ ಎಳೆದು ಅಡಿಗಲ್ಲಿನ ಮೇಲೆ ಇಡುತ್ತಾರೆ. ಸೆರಗು ಸೊಂಟಕ್ಕೆ ಬಿಗಿದ ಹೆಂಡತಿ ದುರಗವ್ವ ಎರಡೂ ಕೈಯಲ್ಲಿ ದೊಡ್ಡ ಸುತ್ತಿಗೆ ಎತ್ತಿ ಇಳಿಸುತ್ತಾರೆ. ಗಂಡ ಪಟ್ಟಿಯನ್ನು ತುಸು ಸರಿಸುತ್ತಾರೆ, ಸುತ್ತಿಗೆ ಮತ್ತೆ ಬೀಳುತ್ತದೆ. ಬಾಗು ಸರಿಬಂತು ಅನ್ನಿಸಿದಾಗ ದುರಗವ್ವ ಗದ್ದ ಎತ್ತುತ್ತಾರೆ. ಪಟ್ಟಿ ಎಣ್ಣೆಯ ಡ್ರಮ್ಮಿಗೆ ಇಳಿದು ಭುಸ್ ಎನ್ನುತ್ತದೆ.

"ನಸುಕಿನಾಗ ಕಬ್ಬಿಣದ ಬಣ್ಣ ಖರೆ ಕಾಣ್ತೈತ್ರಿ. ಬಿಸಲೇರಿದ ಮ್ಯಾಲ ಎಷ್ಟು ಕಾದೈತಿ ಅನ್ನೂದ ತಿಳಿಯೂದಿಲ್ಲ," ಎಂದು ದುರಗವ್ವ ಹಣೆ ಒರೆಸಿಕೊಳ್ಳುತ್ತಾರೆ.

ಅವರು ಬಡಿಯುವುದು ಪಾಟಾ. ಲಾರಿ, ಜೀಪು, ಕಾರುಗಳ ಭಾರ ಹೊರಲು ಗಾಲಿಯ ಹತ್ತಿರ ಒಂದರ ಮೇಲೊಂದು ಜೋಡಿಸಿ ಬಿಗಿಯುವ, ಬಿಲ್ಲಿನಂತೆ ಬಾಗಿದ ಪಟ್ಟಿಗಳವು. ಇಳಕಲ್ಲಿನ ಖಣಿಗಳಿಂದ ಕೆಂಪು ಕಲ್ಲು ಹೇರಿಕೊಂಡು ಬರುವ ಲಾರಿಗಳ ಪಾಟಾ ಮುರಿಯದ ವಾರವಿಲ್ಲ. ದಿನಕ್ಕೆ ಮೂರು ನಾಲ್ಕು ಲಾರಿ ಈ ಚಪ್ಪರದ ಮುಂದೆ ನಿಲ್ಲುತ್ತವೆ.

ದುರಗವ್ವ ಕಮತಗಿಯ ಮಗಳು. ತವರಿನಲ್ಲಿ ಕುಡ, ಕುರ್ಪಿಯಂಥ ಒಕ್ಕಲುತನದ ಸಾಮಾನು ಮಾಡುವ ಅಪ್ಪನಿಗೆ ತಿದಿ ಊದಿ ಬೆಳೆದವರು. ಮದುವೆಯಾಗಿ ಬಂದು ಕೆಲವು ವರ್ಷಕ್ಕೆ ಹುಲ್ಲಪ್ಪನವರ ಬಲಭುಜ ಕೆಟ್ಟಿತು. ಅಂದು ಸುತ್ತಿಗೆ ಇವರ ಕೈಗೆ ಬಂತು. ಮೊದಮೊದಲು ಡ್ರೈವರುಗಳು ಹೆಂಗಸನ್ನು ಲಾರಿಯ ಕೆಳಗೆ ಬಿಡುತ್ತಿರಲಿಲ್ಲ. ಹುಲ್ಲಪ್ಪನವರೇ ಕೆಳಗೆ ನುಸುಳಿ, ನೋಡಿದ್ದನ್ನು ಹೊರಗೆ ಬಂದು ಹೇಳಬೇಕಾಗುತ್ತಿತ್ತು. ಈಗ ಡ್ರೈವರುಗಳೇ ಗೋಣಿತಟ್ಟು ಹಾಸಿ, "ಅಕ್ಕಾ, ನೀ ಒಮ್ಮೆ ನೋಡಿಬಿಡು," ಅನ್ನುತ್ತಾರೆ. ದುರಗವ್ವನವರ ಮೊಣಕೈಯವರೆಗೂ ಸುಟ್ಟ ಕಲೆಗಳಿವೆ. ಅವನ್ನು ಯಾರಾದರೂ ನೋಡಿದರೆ ಸೆರಗು ಎಳೆದುಕೊಳ್ಳುತ್ತಾರೆ.

ಹೋದ ವರ್ಷ, ೧೯೮೩ರಲ್ಲಿ, ಅವರ ಬಳಿಗೆ ಬೇರೆಯದೇ ಗಾಡಿಯೊಂದು ಬಂತು. ತಂದವರು ಬಾಗಲಕೋಟೆಯ ಎಂಜಿನ್ ಮಿಸ್ತ್ರಿ ಜಲಾಲುದ್ದೀನ. ಹಳೆಯ ಸಣ್ಣ ಕಾರೊಂದನ್ನು ಕೊಂಡು, ಅದರ ಎಂಜಿನ್ನನ್ನು ತಾವೇ ಬಿಚ್ಚಿ ಕಟ್ಟಿ, ಎರಡು ಪಟ್ಟು ಜೋರು ಮಾಡಿದ್ದರು. ಮಹಾರಾಷ್ಟ್ರದ ಘಾಟೊಂದರಲ್ಲಿ ನಡೆಯುವ ಗುಡ್ಡ ಏರುವ ಪಂದ್ಯಕ್ಕೆ ಅದನ್ನು ಒಯ್ಯುವುದು ಅವರ ಆಸೆ. ಆದರೆ ನಿಂತಲ್ಲಿಂದ ಜೋರಾಗಿ ಹೊರಡಿಸಿದರೆ ಹಿಂದಿನ ಗಾಲಿಗಳು ನೆಲ ಹಿಡಿಯದೆ ಟಪಟಪನೆ ಕುಣಿಯುತ್ತಿದ್ದವು. ಕಾರು ಮುಂದೆ ಹೋಗುವ ಬದಲು ನಡುಗುತ್ತಿತ್ತು. ಒಂದು ಆಕ್ಸಲ್ ಆಗಲೇ ಮುರಿದಿತ್ತು.

ದುರಗವ್ವ ತಮಗೆ ಗೊತ್ತಿದ್ದ ಉಪಾಯ ಮಾಡಿದರು. ಲಾರಿಗೆ ಮಾಡುವಂತೆ ಎರಡೂ ಕಡೆ ಒಂದೊಂದು ಉದ್ದನೆಯ ಪಾಟಾ ಹೆಚ್ಚಿಗೆ ಹಾಕಿ ಗಟ್ಟಿ ಮಾಡಿದರು. ಗುಡೂರಿನ ದಾರಿಯ ಏರಿನಲ್ಲಿ ಜಲಾಲುದ್ದೀನ ಕಾರು ಬಿಟ್ಟರು. ಗಾಲಿ ಮೊದಲಿಗಿಂತ ಜೋರಾಗಿ ಕುಣಿಯಿತು. ಕಾರು ಅಡ್ಡಕ್ಕೆ ಜಿಗಿದು ರಸ್ತೆಯ ಅಂಚಿಗೆ ಬಂದು ನಿಂತಿತು. ಎರಡನೆಯ ಆಕ್ಸಲ್ಲೂ ಹೋಯಿತು.

"ಅವತ್ತ ತಪ್ಪಿದ್ದು ನನ್ನ ಅಂದಾಜ್ರಿ," ಎಂದು ದುರಗವ್ವ ನೆನೆಯುತ್ತಾರೆ. "ಜಲಾಲುದ್ದೀನ ನನಗ ತಮ್ಮ ಇದ್ದಂಗ. ಬೈದಿದ್ರ ಚಲೋ ಇತ್ತು. ಕಾರಿನ ಮ್ಯಾಲ ಕೈ ಆಡಿಸ್ಕೋತ ನಿಂತಿದ್ದ."

ಪಂದ್ಯ ಹತ್ತಿರ ಬರುತ್ತಿತ್ತು. ಇನ್ನೊಂದು ಆಕ್ಸಲ್ ಹಾಕಿಕೊಂಡು ಬಂದ ಜಲಾಲುದ್ದೀನ, ಇದೂ ಮುರಿದರೆ ಪಂದ್ಯದ ಆಸೆ ಬಿಡುತ್ತೇನೆ ಎಂದರು. ದುರಗವ್ವ ಈ ಸಲ ಸುತ್ತಿಗೆ ಮುಟ್ಟಲಿಲ್ಲ. ಪಾಟಾದ ಉದ್ದಕ್ಕೂ ಬೆರಳಿನಿಂದ ಸುಣ್ಣದ ಗೆರೆ ಎಳೆದರು. ಅದೇ ಏರಿನಲ್ಲಿ, ಕಾರಿನಿಂದ ಒಂದು ಮಾರು ದೂರ, ಕೆನ್ನೆ ನೆಲಕ್ಕೆ ತಾಗಿಸಿ ಮಲಗಿದರು.

"ಏಳ ಅಲ್ಲಿಂದ, ಕಲ್ಲು ಸಿಡಿದ್ರ ಕಣ್ಣು ಹೋಗ್ತಾವ," ಎಂದು ಹುಲ್ಲಪ್ಪ ಗದರಿದರು.

"ಕಣ್ಣಿಂದನ ನೋಡಬೇಕಾಗೈತಿ. ತಮ್ಮಾ, ನೀ ಬಿಡು. ಮೆಲ್ಲಕ, ಅರ್ಧ ಜೋರಿಲೆ."

ಕಾರು ನಡುಗಿತು. ಸುಣ್ಣದ ಗೆರೆ ಹಾವಿನಂತೆ ತಿರುಚಿಕೊಂಡಿತು. ಮುಂದಿನ ಅರ್ಧ ಮೇಲಕ್ಕೆ ಉಬ್ಬಿತು, ಹಿಂದಿನ ಅರ್ಧ ಕೆಳಕ್ಕೆ ಬಾಗಿತು. ಮರುಕ್ಷಣ ಪುಟಿದು ಬಂತು, ಮತ್ತೆ ತಿರುಚಿತು. ಮಣ್ಣು ಮೆತ್ತಿದ ಕೆನ್ನೆಯಲ್ಲೇ ದುರಗವ್ವ ಎದ್ದು ಕೂತರು.

"ಇದು ಭಾರದ ಮಾತಲ್ಲ. ಎಂಜಿನ್ ಗಾಲಿ ತಿರುಗಸ್ತೈತಿ, ಆ ಜೋರು ಆಕ್ಸಲ್ಲಿನ ಸುತ್ತಿನ ಕಬ್ಬಿಣದ ಕಟ್ಟನ್ನೂ ತಿರುವಾಕ ನೋಡ್ತೈತಿ. ಅದಕ್ಕ ಬಿಗಿದ ಪಾಟಾದ ಮುಂದಿನ ಅರ್ಧ ಸೋಲ್ತೈತಿ. ಅಷ್ಟಕ್ಕ ಬಲಾ ಕೊಡೂಣು."

ಹೆಚ್ಚಿಗೆ ಹಾಕಿದ್ದ ಉದ್ದನೆಯ ಪಾಟಾ ತೆಗೆದರು. ಮುಂದಿನ ಅರ್ಧಕ್ಕೆ ಮಾತ್ರ ಕೂರುವ ಗಿಡ್ಡ ಪಾಟಾ ಬಡಿದು, ಬಿಗಿಯಾದ ಪಟ್ಟಿಯಿಂದ ಕಟ್ಟಿದರು. ಆಕ್ಸಲ್ಲಿನ ಕಟ್ಟು ತಿರುಗದಂತೆ ಅಲ್ಲಿಂದ ಕಾರಿನ ಅಡಿಯ ಚೌಕಟ್ಟಾದ ಚಾಸಿಗೆ ಒಂದು ಸರಳು ಕೊಡುವ ಯೋಚನೆ ಜಲಾಲುದ್ದೀನರದು. ಪಾಟಾದ ತುದಿಯ ಸವೆದ ರಬ್ಬರ್ ಬುಶ್ಶುಗಳ ಬದಲು ಹೊಸವನ್ನೂ, ಪುಟಿತ ತಡೆಯುವ ಹೊಸ ಶಾಕಪ್ಪುಗಳನ್ನೂ ಅವರೇ ಹುಬ್ಬಳ್ಳಿಯಿಂದ ತಂದರು. ಮೂವರೂ ಕೂಡಿ ಜೋಡಿಸಿದರು.

ಮತ್ತೆ ಗುಡೂರಿನ ಏರು. ಜಲಾಲುದ್ದೀನ ಈ ಸಲ ಅರ್ಧ ಜೋರಿನಲ್ಲಿ ಬಿಡಲಿಲ್ಲ, ಪೂರಾ ಒತ್ತಿದರು. ಕಾರಿನ ಹಿಂಭಾಗ ಒಮ್ಮೆ ಕುಕ್ಕರಿಸಿತು, ಆಮೇಲೆ ಕಾರು ಹೋಗಿಯೇಬಿಟ್ಟಿತು. ರಸ್ತೆಯ ಮೇಲೆ ಎರಡು ಕರಿ ಗೆರೆ ಉಳಿದವು, ಎಲ್ಲೂ ತುಂಡಾಗದ ಗೆರೆಗಳು. ಹುಲ್ಲಪ್ಪ ಅವುಗಳ ಪಕ್ಕ ಸ್ವಲ್ಪ ದೂರ ನಡೆದುಹೋಗಿ, ತಿರುಗಿ ಹೆಂಡತಿಯನ್ನು ನೋಡಿದರು. "ಹೊಳ್ಳಿ ಬರೂಮುಂದ ಇವ್ರು ದಾರ್ಯಾಗ ಚಾ ಕುಡಿಸಿದ್ರು," ಎಂದು ದುರಗವ್ವ ಈಗ ನಗುತ್ತಾರೆ.

ಪಂದ್ಯದಲ್ಲಿ ಜಲಾಲುದ್ದೀನ ಮೂರನೆಯವರಾದರು. ಅವರಿಗಿಂತ ಮುಂದಿದ್ದ ಇಬ್ಬರೂ ಬಂದು ಕಾರಿನ ಕೆಳಗೆ ಬಗ್ಗಿ ನೋಡಿ, ಪಾಟಾ ಯಾವ ಊರಿನದು ಎಂದು ಕೇಳಿದರಂತೆ. "ಹುನಗುಂದದ್ದು, ನಮ್ಮಕ್ಕ ಬಡಿದದ್ದು ಅಂದೆ," ಎನ್ನುತ್ತಾರೆ ಜಲಾಲುದ್ದೀನ. "ಅವರು ನಂಬಿದ್ರೋ ಇಲ್ಲೋ. ನಾ ಅಂತೂ ಎರಡ ಸಲ ಹೇಳಿದೆ."

ಆಮೇಲೆ ಅಂಥ ಕಾರು ಒಂದೆರಡು ಬಂದಿವೆ. ಉಳಿದಂತೆ ಅದೇ ಕಲ್ಲಿನ ಲಾರಿಗಳು, ಅದೇ ನಸುಕು. ಪಂದ್ಯದಿಂದ ಮರಳಿದ ಮರುದಿನ ಜಲಾಲುದ್ದೀನ ಕಾರು ತಂದು ಚಪ್ಪರದ ಮುಂದೆ ನಿಲ್ಲಿಸಿ, ದುರಗವ್ವನವರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಗುಡೂರಿನ ಏರನ್ನು ಒಂದೇ ಉಸಿರಿಗೆ ಹತ್ತಿಸಿದ್ದರಂತೆ. ಅಷ್ಟು ಜೋರಿಗೆ ಅಂಜಿಕೆ ಆಗಲಿಲ್ಲವೇ ಎಂದು ಕೇಳಿದರೆ, ದುರಗವ್ವ ತಣ್ಣಗಾದ ಪಟ್ಟಿಯನ್ನು ಎತ್ತಿ ಒಂದು ಕಣ್ಣು ಮುಚ್ಚಿ ಬಾಗು ನೋಡುತ್ತಾ ಹೇಳುತ್ತಾರೆ:

"ಯಾಕ ಅಂಜಲ್ರಿ? ಕೆಳಗ ನನ್ನ ಪಾಟಾ ಇತ್ತಲ್ಲ."