ಅಕ್ಕನ ಕೈಗುಣ ಮತ್ತು ಉಪ್ಪುನೀರಿನ ಮೀನು

ಮೀನಿಗೆ ಆರಾಮಿಲ್ಲ ಎಂದು ನಮ್ಮ ವಿಜಯಪುರದಲ್ಲಿ ಯಾರ ಮುಂದೆಯಾದರೂ ಹೇಳಿ ನೋಡಿ, ಎದುರಿಗಿದ್ದವರು ಅರೆಗಳಿಗೆಯೂ ಯೋಚಿಸದೆ ಕೊಡುವ ಸಲಹೆ ಒಂದೇ: "ಸ್ವಲ್ಪ ಉಪ್ಪ ಹಾಕ್ರಿ." ತರಕಾರಿಯವಳು, ಹಲ್ಲಿನ ಡಾಕ್ಟರು, ನಮ್ಮ ಕಾಲೇಜಿನ ಪ್ರಾಂಶುಪಾಲರು, ಎಲ್ಲರ ವೈದ್ಯಸಂಹಿತೆಯೂ ಈ ಏಕಸೂತ್ರದಲ್ಲಿಯೇ ಪ್ರಾರಂಭವಾಗಿ ಅದರಲ್ಲಿಯೇ ಪರಿಸಮಾಪ್ತಿಯಾಗುತ್ತದೆ. ನನ್ನದು ಸಮುದ್ರದ ಮೀನು, ಅದು ಹುಟ್ಟಿದ್ದೇ ಉಪ್ಪಿನಲ್ಲಿ, ಈಗ ಈಜುತ್ತಿರುವುದೂ ಉಪ್ಪಿನಲ್ಲಿ, ಇನ್ನು ಮೇಲೆ ಉಪ್ಪು ಹಾಕಿದರೆ ಉಪ್ಪಿನಕಾಯಿಯಾದೀತು ಎಂದು ನಾನು ವಿವರಿಸಿದರೆ, ಅವರು ನನ್ನ ಮುಖವನ್ನು ಒಮ್ಮೆ ಗಂಭೀರವಾಗಿ ನೋಡಿ, "ಹಂಗಾದ್ರ ಅರಿಶಿಣಾ ಹಾಕ್ರಿ" ಅನ್ನುತ್ತಾರೆ. ಕಳೆದ ಎರಡೂವರೆ ತಿಂಗಳಲ್ಲಿ ಈ ಸಂಭಾಷಣೆಯನ್ನು ನಾನು ಎಷ್ಟು ಸಲ ಸಹಿಸಿದ್ದೇನೆಂದರೆ, ಈಗ ಊಟಕ್ಕೆ ಕೂತಾಗ ಪಕ್ಕದವರು ಉಪ್ಪು ಬೇಕೇ ಎಂದು ಕೇಳಿದರೂ ಮೈ ಉರಿಯುತ್ತದೆ.

ಸಮುದ್ರಕ್ಕೂ ನಮ್ಮೂರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳಿ, ಎಲ್ಲರೂ ಕೇಳಿದ್ದಾರೆ. ನಮ್ಮ ಬೋರಿನ ನೀರು ಮೊದಲೇ ಸವಳು. ಅದನ್ನು ಯಂತ್ರದಲ್ಲಿ ಸೋಸಿ, ಅದರ ಸಕಲ ಲವಣಗಳನ್ನೂ ನಿವಾರಿಸಿ, ಹಾಗೆ ಪಡೆದ ನಿರ್ಮಲೋದಕಕ್ಕೆ ಪೊಟ್ಟಣದಲ್ಲಿ ಬರುವ ಸಮುದ್ರದ ಉಪ್ಪನ್ನು ಅಳೆದು ಬೆರೆಸಿ ನಾನು ಪ್ರತಿವಾರ ಒಂದು ಸಣ್ಣ ಸಮುದ್ರವನ್ನು ಸೃಷ್ಟಿಸುತ್ತೇನೆ. "ಸವಳ ನೀರು ಸಿಹಿ ಮಾಡ್ತಾರ, ಸಿಹಿ ಮಾಡಿದ್ದನ್ನ ಮತ್ತ ಸವಳ ಮಾಡ್ತಾರ. ಇಂಥವರಿಗೆ ಕಾಲೇಜಿನ್ಯಾಗ ಪಗಾರ ಬ್ಯಾರೆ ಕೊಡ್ತಾರ ನೋಡ್ರಿ" ಎಂದು ನನ್ನ ಹೆಂಡತಿ ವಿಮಲಾ ಬಂದವರಿಗೆಲ್ಲ ಹೇಳುತ್ತಾಳೆ. ನಾನು ಇತಿಹಾಸದ ಅಧ್ಯಾಪಕ. ಬೇಡವಾದದ್ದನ್ನು ಕಷ್ಟಪಟ್ಟು ಸಂಗ್ರಹಿಸಿಡುವುದು ನಮ್ಮ ಶಾಸ್ತ್ರದ ಸ್ವಭಾವವೇ ಆಗಿದೆ.

ನಮ್ಮ ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ನಾಲ್ಕು ಮೀನುಗಳಿದ್ದವು. ಅವುಗಳಲ್ಲಿ ಹಿರಿಯವನು ಕಿತ್ತಳೆ ಬಣ್ಣದ, ಬಿಳಿ ಪಟ್ಟೆಗಳ, ಎಂಟು ವರ್ಷದಿಂದ ನಮ್ಮ ಮನೆಯ ಅನ್ನ ತಿಂದ ಸಾವ್ಕಾರ. ಹೊಟ್ಟೆ ಮುಂದೆ ಮಾಡಿಕೊಂಡು ತೊಟ್ಟಿಯ ಈ ತುದಿಯಿಂದ ಆ ತುದಿಗೆ ಓಡಾಡುವ ಅವನ ಠೀವಿ ನೋಡಿ ಆ ಹೆಸರಿಟ್ಟವಳು ನನ್ನ ಅಕ್ಕ ಗಂಗಕ್ಕ.

ಗಂಗಕ್ಕ ತಿಕೋಟಾದವಳು, ಅಂದರೆ ಮದುವೆಯಾಗಿ ಅಲ್ಲಿಯವಳಾದವಳು. ಅವಳ ಕೈಗುಣ ಆ ಸೀಮೆಗೆಲ್ಲ ಪ್ರಸಿದ್ಧ. ಅವಳು ಹೆಪ್ಪು ಹಾಕಿದ ಮೊಸರು ಕತ್ತರಿಸಿ ಬಡಿಸುವಂತಿರುತ್ತದೆ. ಇಟ್ಟಂಗಿಹಾಳದಲ್ಲಿ ನಮ್ಮ ಕಾಕಾನ ಮಗ ಲಿಂಬಿ ತೋಟ ಮಾಡಿದಾಗ ಮೊದಲ ಸಸಿ ಹಚ್ಚಿದ್ದು ಅವಳು. ಯಾರ ಮನೆಗೆ ಹೊಸ ಎಮ್ಮೆ ಬಂದರೂ ಗೂಟಕ್ಕೆ ಹಗ್ಗ ಕಟ್ಟಲು ಅವಳನ್ನೇ ಕರೆಯುತ್ತಾರೆ. ಕೂಸುಗಳ ಮೊದಲ ಎಣ್ಣೆ ನೀರಿಗಂತೂ ಬಬಲೇಶ್ವರದಿಂದಲೂ ಗಾಡಿ ಕಳಿಸಿ ಕರೆಸಿಕೊಂಡದ್ದುಂಟು. ನಮ್ಮ ಮನೆತನದಲ್ಲಿ ಹೊಸದಾಗಿ ಬಂದ ಯಾವುದೂ ಗಂಗಕ್ಕನ ಕೈ ಸೋಕದೆ ಒಳಗೆ ನೆಲೆಯಾಗುವುದಿಲ್ಲ. ನಾನು ಇದನ್ನು ನಂಬುವುದಿಲ್ಲ, ಆದರೆ ನನ್ನ ಮೊದಲ ಸ್ಕೂಟರಿನ ಕೀಲಿಯನ್ನು ಅವಳ ಕೈಯಿಂದಲೇ ಇಸಿದುಕೊಂಡಿದ್ದೆ ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಇನ್ನು ಮೀನಿನ ಶಾಸ್ತ್ರ. ಸೊಲ್ಲಾಪುರ ರಸ್ತೆಯಲ್ಲಿ ಮೀನಿನ ಅಂಗಡಿ ಇಟ್ಟಿರುವ ಮೆಹಬೂಬ ನನ್ನ ಗುರು, ವಯಸ್ಸಿನಲ್ಲಿ ನನ್ನ ಶಿಷ್ಯನಾಗಬೇಕಾದವನು. ಅವನ ಕಟ್ಟಪ್ಪಣೆ ಇಷ್ಟು: ಹೊಸ ಮೀನನ್ನು ತಂದ ಕೂಡಲೇ ದೊಡ್ಡ ತೊಟ್ಟಿಗೆ ಬಿಡಕೂಡದು, ಬೇರೆ ಬುಟ್ಟಿಯಲ್ಲಿ, ಅಂದರೆ ನೀರು ತುಂಬಿದ ಟಬ್ಬಿನಲ್ಲಿ, ಒಂದು ತಿಂಗಳು ಕ್ವಾರಂಟೈನ್ ಮಾಡಿ, ಮೈಮೇಲೆ ಏನೂ ಏಳದಿದ್ದರೆ ಮಾತ್ರ ಒಳಗೆ ಪ್ರವೇಶ. ಏಕೆಂದರೆ ಸಮುದ್ರದ ಮೀನಿಗೆ ಅಂಟುವ ಒಂದು ಪರೋಪಜೀವಿ ಇದೆ, ಕಣ್ಣಿಗೆ ಕಾಣದ್ದು. ಅದು ಮೀನಿನ ಚರ್ಮದೊಳಗೆ ಹೊಕ್ಕು ಉಂಡು ಬೆಳೆದಾಗ ಮೈತುಂಬ ಬಿಳಿ ಚುಕ್ಕೆಗಳಾಗುತ್ತವೆ; ಆಮೇಲೆ ಉದುರಿ, ಕಲ್ಲಿಗೋ ಮರಳಿಗೋ ಅಂಟಿ ಗೂಡು ಕಟ್ಟಿ, ವಾರಗಟ್ಟಲೆ ಮಲಗಿ, ಒಡೆದು ನೂರಾರಾಗಿ ಮತ್ತೆ ಮೀನು ಹುಡುಕುತ್ತದೆ. ಗೂಡಿನೊಳಗಿದ್ದಾಗ ಯಾವ ಔಷಧವೂ ತಟ್ಟುವುದಿಲ್ಲ. ಇಂಥ ಅಚ್ಚುಕಟ್ಟಾದ ದುಷ್ಟತನವನ್ನು ನಾನು ರಾಜವಂಶಗಳ ಚರಿತ್ರೆಯಲ್ಲಿಯೂ ಓದಿಲ್ಲ.

ಒಂದು ಭಾನುವಾರ ಮೆಹಬೂಬನಿಂದ ಹಳದಿ ಮೀನೊಂದನ್ನು ತಂದು, ವಿಧಿಪೂರ್ವಕವಾಗಿ ಹೊರಗಿನ ವರಾಂಡದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬಿಟ್ಟು, ಪೇಟೆಗೆ ಹೋಗಿದ್ದೆ. ಅಷ್ಟರಲ್ಲಿ ಗಂಗಕ್ಕ ಬಂದಿದ್ದಳು. ಸಂಜೆ ನಾನು ಮನೆಗೆ ಬಂದಾಗ ಬುಟ್ಟಿ ಖಾಲಿ. ತೊಟ್ಟಿಯ ಗಾಜಿಗೆ ಕುಂಕುಮ. ಒಳಗೆ ಸಾವ್ಕಾರನ ಹಿಂದೆ ಹಿಂದೆ ಹಳದಿ ಮೀನು ಓಡಾಡುತ್ತಿದೆ. ಅಕ್ಕ ಸೋಫಾದ ಮೇಲೆ ಕೂತು ಸಂತೃಪ್ತಿಯಿಂದ ನೋಡುತ್ತಿದ್ದಾಳೆ.

"ಅಲ್ಲೋ ತಮ್ಮಾ, ಮನಿಗಿ ಬಂದವರನ್ನ ಯಾರರೆ ಹೊರಗ ಬುಟ್ಟ್ಯಾಗ ಕುಂಡ್ರಸ್ತಾರೇನೋ? ಒಬ್ಬಾಕೀನ ಅಂಜಿ ಮೂಲ್ಯಾಗ ನಿಂತಿದ್ಲು. ಕೈ ತೊಳಕೊಂಡ ಬಿಟ್ಟೇನಿ, ಕಾಳಜಿ ಮಾಡಬ್ಯಾಡ."

ಹಣೆ ಹಣೆ ಬಡಿದುಕೊಂಡೆ. ಹೊಸದಾಗಿ ಬಂದದ್ದನ್ನು ತನ್ನ ಕೈಯಿಂದ ಒಳಗೆ ಮಾಡಿಕೊಳ್ಳುವುದು ಅವಳ ಪಾಲಿಗೆ ಹಕ್ಕು, ಕರ್ತವ್ಯ, ಆಶೀರ್ವಾದ ಎಲ್ಲವೂ. ಅದರ ಎದುರಿಗೆ ಮೆಹಬೂಬನ ಶಾಸ್ತ್ರ ಹೇಳಿದರೆ ಏನುಪಯೋಗ? ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ನೋಡುತ್ತೇನೆ, ಸಾವ್ಕಾರನ ರೆಕ್ಕೆಯ ಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು! ಅವನು ಕಲ್ಲಿಗೆ ಮೈ ತಿಕ್ಕಿಕೊಳ್ಳುತ್ತಿದ್ದ.

ಅಕ್ಕ ಒಳಗೆ ಹೆಪ್ಪಿನ ಪಾತ್ರೆ ತೊಳೆಯುತ್ತಿದ್ದಳು. ನಾನು ನೇರ ಅಡುಗೆಮನೆಗೆ ಹೋಗಿ ಬಾಯಿಗೆ ಬಂದದ್ದನ್ನು ಬಂದ ಕ್ರಮದಲ್ಲಿಯೇ ಅಂದೆ. ಕೊನೆಗೆ ಅಂದದ್ದು, "ನಿನ್ನ ಕೈ ಹತ್ತಿ ನನ್ನ ಮೀನೆಲ್ಲಾ ಸಾಯಾಕತ್ಯಾವ." ಅವಳು ಪಾತ್ರೆಯನ್ನು ಅಲ್ಲಿಯೇ ಇಟ್ಟು, ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು, ಹತ್ತು ಗಂಟೆಯ ಬಸ್ಸಿಗೆ ತಿಕೋಟಾಕ್ಕೆ ಹೋದಳು. ಆ ವಾರದಲ್ಲಿ ಮೂರು ಮೀನು ಸತ್ತವು. ಒಂದೊಂದು ಸತ್ತಾಗಲೂ ನಾನು ಅವಳಿಗೆ ಫೋನು ಮಾಡಿ ತಿಳಿಸಿದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಉಳಿದದ್ದು ಸಾವ್ಕಾರ ಮತ್ತು, ಆಶ್ಚರ್ಯವೆಂದರೆ, ಆ ಹಳದಿ ಮೀನು. ಇಬ್ಬರನ್ನೂ ಬುಟ್ಟಿಗೆ ಹಾಕಿ ತಾಮ್ರದ ಔಷಧ ಶುರು ಮಾಡಿದೆ. ತಾಮ್ರ ಒಂದು ಹನಿ ಹೆಚ್ಚಾದರೆ ಮೀನು ಸಾಯುತ್ತದೆ, ಒಂದು ಹನಿ ಕಡಿಮೆಯಾದರೆ ರೋಗ ಸಾಯುವುದಿಲ್ಲ. ದಿನಾ ಬೆಳಿಗ್ಗೆ ನೀರನ್ನು ಸಣ್ಣ ಶೀಶೆಗೆ ಹಾಕಿ, ಬಣ್ಣ ತಿರುಗಿಸುವ ಹನಿ ಬಿಟ್ಟು, ಬಂದ ನೀಲಿಯನ್ನು ಚೀಟಿಯ ನೀಲಿಗೆ ಹೋಲಿಸುತ್ತ ಕೂಡಬೇಕು. ಬುಟ್ಟಿಯ ಮಗ್ಗು ಬೇರೆ, ತೊಟ್ಟಿಯ ಮಗ್ಗು ಬೇರೆ. ಬುಟ್ಟಿಯದಕ್ಕೆ ಕೆಂಪು ಬಣ್ಣ ಬಳಿದು, ಮುಟ್ಟಬೇಡ ಎಂದು ನೂರು ಸಲ ಹೇಳಿದ್ದರೂ ವಿಮಲಾ ಅದರಿಂದ ತುಳಸಿಗೆ ನೀರು ಹಾಕಿದಳು. ತುಳಸಿ ಒಣಗಿತು. ಅದಕ್ಕೂ ಬೈಗುಳ ನನಗೇ.

ದೊಡ್ಡ ತೊಟ್ಟಿಯ ಅವಸ್ಥೆ ಇದಕ್ಕಿಂತ ಘೋರ. ಮೀನಿಲ್ಲದೆ ಎರಡೂವರೆ ತಿಂಗಳು ಅದನ್ನು ಹಾಗೆಯೇ ಬಿಟ್ಟರೆ ಪರೋಪಜೀವಿಗಳು ಒಡೆದು ಬಂದು, ಉಣ್ಣಲು ಯಾರೂ ಸಿಗದೆ ನಿರಶನದಿಂದ ಸಾಯುತ್ತವೆ. ಬೇರೆ ದಾರಿಯಿಲ್ಲ. ಅಲ್ಲಿಯವರೆಗೆ ನೀರು ತಿರುಗುತ್ತಿರಬೇಕು, ದೀಪ ಉರಿಯುತ್ತಿರಬೇಕು. ಪಡಸಾಲೆಗೆ ಬಂದ ಪ್ರತಿಯೊಬ್ಬ ಅತಿಥಿಯೂ ಬೆಳಕಿನಲ್ಲಿ ಝಗಮಗಿಸುವ ಆ ಶೂನ್ಯದ ಮುಂದೆ ಬಗ್ಗಿ, ಕಲ್ಲಿನ ಸಂದುಗಳಲ್ಲೆಲ್ಲ ಹುಡುಕಿ, "ಮೀನಾ ಎಲ್ಲಿ ಅದಾವ್ರಿ ಸರ?" ಎಂದು ಕೇಳುವುದು, ಇಲ್ಲ ಎಂದು ನಾನು ಹೇಳುವುದು, "ಮತ್ತ ಲೈಟ್ ಯಾಕ್ರಿ?" ಎಂದು ಅವರು ಕೇಳುವುದು. ಅದೃಶ್ಯ ಕ್ರಿಮಿಗಳನ್ನು ಉಪವಾಸ ಕೆಡವಿದ್ದೇನೆ ಎಂದರೆ, ಹೆಂಡತಿಯ ಕಡೆಗೆ ತಿರುಗಿ ನನ್ನ ಆರೋಗ್ಯ ವಿಚಾರಿಸುತ್ತಾರೆ.

ಇದರ ನಡುವೆ ತಿಕೋಟಾದಿಂದ ಶುಭವಾರ್ತೆ ಬಂತು. ಬಾಣಂತನಕ್ಕೆ ಬಬಲೇಶ್ವರದ ಗಂಡನ ಮನೆಯಿಂದ ಬಂದಿದ್ದ ಅಕ್ಕನ ಮಗಳು ಸುಮಾಗೆ ಹೆಣ್ಣು ಕೂಸು. ನೋಡಲು ಹೋಗಿ ಬಂದ ವಿಮಲಾ ಚಪ್ಪಲಿ ಬಿಟ್ಟವಳೇ ನನ್ನ ಎದುರಿಗೆ ಕೂತಳು.

"ನಿಮ್ಮಕ್ಕ ಕೂಸಿನ ಮುಟ್ಟಾಕತ್ತಿಲ್ಲರಿ. ಎಣ್ಣಿ ನೀರಿಗೆ ಬ್ಯಾರೆ ಹೆಣ್ಮಗಳನ್ನ ಗೊತ್ತ ಮಾಡ್ಯಾರ. ಹೆಪ್ಪೂ ಬಾಜೂ ಮನಿಯಾಕಿ ಬಂದು ಹಾಕಿ ಹೋಗ್ತಾಳ. ಕೇಳಿದ್ರ, 'ನನ್ನ ಕೈಗುಣ ಹೋಗೇತಿ ತಂಗಿ, ಮೂರ ಜೀವಾ ತಿಂದೈತಿ ಈ ಕೈ' ಅಂತಾರ. ತೊಟ್ಟಿಲದಾಗೂ ತಾವು ಹಾಕೂದಿಲ್ಲಂತ, ಬಬಲೇಶ್ವರದ ಬೀಗತಿ ಹಾಕಲಿ ಅಂದಾರ."

ನನಗೆ ಮೊದಲು ಬಂದದ್ದು ಸಿಟ್ಟೇ. ಇದೊಂದು ಬಾಕಿ ಇತ್ತು! ಫೋನು ಮಾಡಿ ಅಕ್ಕನಿಗೆ ವೈಜ್ಞಾನಿಕವಾಗಿ ತಿಳಿಹೇಳಿದೆ: ಕೈಗುಣ ಎಂಬುದು ಮೂಢನಂಬಿಕೆ, ಮೀನುಗಳನ್ನು ಕೊಂದದ್ದು ನಿನ್ನ ಕೈಯಲ್ಲ, ನೀನು ಬಿಟ್ಟ ಮೀನಿನ ಮೈಮೇಲಿದ್ದ ಪರೋಪಜೀವಿ. ಅವಳು ಎಲ್ಲವನ್ನೂ ಕೇಳಿ, "ಬಿಟ್ಟಾಕಿ ನಾನ ಅಲ್ಲೇನೋ ಯಪ್ಪಾ?" ಅಂದಳು. ನನ್ನ ಅಭಿಪ್ರಾಯವೂ ಅದೇ ಆಗಿತ್ತು.

ತೊಟ್ಟಿಲ ಕಾರ್ಯದ ಹಿಂದಿನ ದಿನ ಮೆಹಬೂಬ ಮನೆಗೆ ಬಂದ. ಅವಧಿ ಮುಗಿದಿತ್ತು, ಸಾವ್ಕಾರ ಚೇತರಿಸಿಕೊಂಡು ಮೊದಲಿನಂತೆ ಹೊಟ್ಟೆ ತುಂಬ ತಿನ್ನುತ್ತಿದ್ದ, ಇಬ್ಬರನ್ನೂ ತೊಟ್ಟಿಗೆ ಮರಳಿಸುವುದಿತ್ತು. ನಾನು ದಿನಚರಿ ಬರೆದಿಟ್ಟಿದ್ದೆ, ಇತಿಹಾಸದವನಲ್ಲವೇ, ದಿನಾಂಕಸಹಿತ. ಮೆಚ್ಚುಗೆಗಾಗಿ ಅವನಿಗೆ ಕೊಟ್ಟೆ. ಅವನು ಮೊದಲ ಪುಟದಲ್ಲಿಯೇ ನಿಂತ.

"ಸರ, ಹಳದಿ ಮೀನಾ ಬಿಟ್ಟಿದ್ದು ಐತವಾರ ಸಂಜಿಕ. ಸೋಮವಾರ ಮುಂಜಾನೆ ಚುಕ್ಕಿ. ಬರೋಬರಿ ಬರದೀರೇನ್ರಿ?"

"ಬರೋಬರಿ."

"ಇಷ್ಟ ಲಗೂನ ಚುಕ್ಕಿ ಏಳೂದಿಲ್ಲರಿ. ಹೊಕ್ಕ ಮ್ಯಾಲೆ ಬೆಳದು ಕಾಣಸಾಕ ಮೂರ-ನಾಕ ದಿನಾನರೆ ಬೇಕು. ರೋಗ ಮೊದಲ ಒಳಗಿತ್ತು. ಅದಕಿಂತ ಮುಂಚೆ ಏನರೆ ಹಾಕಿದ್ರೇನು?"

ಓದುಗರೇ, ಈ ವಿಷಯವನ್ನು ನಿಮಗೆ ನಾನು ಈವರೆಗೆ ಹೇಳಿಲ್ಲ, ಏಕೆಂದರೆ ನನಗೇ ನಾನು ಹೇಳಿಕೊಂಡಿರಲಿಲ್ಲ. ಹಳದಿ ಮೀನು ತರುವ ಹಿಂದಿನ ವಾರ ಪರಿಚಯದವರೊಬ್ಬರು ತಮ್ಮ ಸಮುದ್ರದ ತೊಟ್ಟಿಯನ್ನು ಬಿಚ್ಚಿದಾಗ ಚೆಂದದ ಒಂದು ಕಲ್ಲು ಕೊಟ್ಟಿದ್ದರು. ಒದ್ದೆಯಾಗಿಯೇ ತಂದು, ಸಾವ್ಕಾರ ಇಷ್ಟಪಡುವ ಮೂಲೆಯಲ್ಲಿ ನನ್ನ ಈ ಕೈಗಳಿಂದಲೇ ಇಟ್ಟಿದ್ದೆ. ಕಲ್ಲಿಗೇನು ಕ್ವಾರಂಟೈನ್ ಎಂದುಕೊಂಡಿದ್ದೆ. ಕಲ್ಲಿಗೆ ಅಂಟಿ ಗೂಡು ಕಟ್ಟುತ್ತದೆ ಎಂದು ಮೆಹಬೂಬ ಹೇಳಿದ್ದು ನನಗೆ ಬಾಯಿಪಾಠವಿತ್ತು, ಅಷ್ಟೇ. ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ ಎಂದು ಇಪ್ಪತ್ತು ವರ್ಷದಿಂದ ತರಗತಿಯಲ್ಲಿ ಹೇಳುತ್ತ ಬಂದವನು ನಾನು! ಆ ದಿನ ಯಾರ ಮೇಲೆ ರೇಗಬೇಕೆಂದು ತಿಳಿಯದೆ ಮನೆಯಲ್ಲೆಲ್ಲ ತಿರುಗಾಡಿದೆ. ಮೆಹಬೂಬ ಪಾಪ, ಒಬ್ಬನೇ ಮೀನುಗಳನ್ನು ತೊಟ್ಟಿಗೆ ಬಿಟ್ಟು ಹೋದ. ಎದುರಿಗೆ ನಿಂತು ಬೈದದ್ದನ್ನು ಫೋನಿನಲ್ಲಿ ಹಿಂತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಮರುದಿನ ತಿಕೋಟಾದಲ್ಲಿ ಹೆಂಗಸರೆಲ್ಲ ತೊಟ್ಟಿಲ ಸುತ್ತ ಸೇರಿದ್ದರು. ತೊಟ್ಟಿಲಿಗೆ ಹೂವು ಕಟ್ಟಿತ್ತು, ಕೂಸು ಬಬಲೇಶ್ವರದ ಬೀಗತಿಯ ತೊಡೆಯ ಮೇಲಿತ್ತು. ಅಕ್ಕ ದೂರದ ಕಂಬಕ್ಕೆ ಆನಿಕೊಂಡು, ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಳು. ಇನ್ನು ತಡಮಾಡಿದರೆ ಮುಗಿದೇಹೋಗುತ್ತದೆ ಎನ್ನಿಸಿ, ಹೆಂಗಸರ ನಡುವೆ ನುಗ್ಗಿದೆ.

"ಅಕ್ಕಾ, ರೋಗ ತಂದಾಂವ ನಾನು. ನೀ ಬರೂಕಿಂತ ಮುಂಚೆನ ಒಂದ ಕಲ್ಲ ತಂದ ಹಾಕಿದ್ದೆ, ಅದರಾಗಿಂದ ಬಂತು. ನೀ ಬಿಟ್ಟ ಮೀನಿಗೆ ಏನೂ ಆಗಿದ್ದಿಲ್ಲ. ಅದು ಇವತ್ತಿಗೂ ಗಟ್ಟಿಮುಟ್ಟ ಐತಿ. ನಿಂದೇನೂ ತಪ್ಪಿಲ್ಲ."

ಬೀಗತಿಯರು ಕಣ್ಣು ಕಣ್ಣು ಬಿಟ್ಟರು. ತೊಟ್ಟಿಲ ಕಾರ್ಯದಲ್ಲಿ ಗಂಡಸೊಬ್ಬ ಬಂದು ಕಲ್ಲು, ಮೀನು ಎಂದು ಕೂಗಾಡಿದರೆ ಯಾರಾದರೂ ಏನು ತಿಳಿಯಬೇಕು? ಅಕ್ಕ ಮಾತ್ರ ನನ್ನನ್ನೇ ನೋಡಿದಳು.

"ಖರೇ ಹೇಳಾಕತ್ತೀಯೋ, ನನ್ನ ಸಮಾಧಾನಕ್ಕ ಹೇಳಾಕತ್ತೀಯೋ?"

"ಖರೇನ ಅಕ್ಕಾ. ನಿನ್ನೆ ಗೊತ್ತಾತು."

ಅವಳು ಬೈಯಲಿ ಎಂದು ನಾನು ಕಾದೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಹಿತ್ತಲಿಗೆ ಹೋಗಿ ಕೈ ತೊಳೆದುಕೊಂಡು ಬಂದಳು. ಬೀಗತಿ ತಾನಾಗಿಯೇ ಕೂಸನ್ನು ಅವಳತ್ತ ಚಾಚಿದಳು. ಯಾರೋ ಜೋಗುಳದ ಮೊದಲ ಸಾಲು ಎತ್ತಿದರು, ಸುಮಾ ತೊಟ್ಟಿಲ ಹಗ್ಗ ಹಿಡಿದು ನಿಂತಳು. ಅಕ್ಕ ಕೂಸನ್ನು ಎದೆಗೆ ಒತ್ತಿಕೊಂಡವಳು ತೊಟ್ಟಿಲ ಕಡೆ ಹೋಗಲೇ ಇಲ್ಲ. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

"ತಡೀರಿ ಬೇ," ಅಂದಳು. "ನಾ ಇನ್ನೂ ಇಕಿನ್ನ ಎತಗೊಂಡೇ ಇಲ್ಲ."